ಎಡಗಡೆ ಸೀಟಲ್ಲಿ ಯಾರಿದ್ರು? ಎಲ್‌ಎಲ್ ಇರೋರಿಗೊಂದು ಕಾರ್ ಇನ್ಶೂರೆನ್ಸ್ ಪಾಠ

ಮೊದಲ ವರ್ಷದ ಸೆಮ್ ರಜೆಯಲ್ಲಿ ನನಗೆ ಎಲ್‌ಎಲ್ ಬಂತು. ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು ಅಷ್ಟೇ. ಆನ್‌ಲೈನ್ ಟೆಸ್ಟ್ ಪಾಸಾಗಿ, ಪಿಡಿಎಫ್ ಪ್ರಿಂಟ್ ತೆಗೆಸಿಕೊಂಡು ಮನೆಗೆ ಬಂದವನು ಕೇಳಿದ ಮೊದಲ ಪ್ರಶ್ನೆ, ‘ಅಪ್ಪ, ಕಾರಿನ ಕೀ ಎಲ್ಲಿ?’ ಇನ್ಶೂರೆನ್ಸ್ ಪೇಪರ್ ಎಲ್ಲಿ ಅಂತ ಕೇಳಬೇಕು ಅನ್ನೋದು ತಲೆಗೇ ಬರಲಿಲ್ಲ. ಮೂರು ವಾರ ಆದಮೇಲೆ ಅದೇ ಪೇಪರನ್ನು ಬೀರುವಿನಿಂದ ತೆಗೆದು, ಎಂಜಿನಿಯರಿಂಗ್ ಮ್ಯಾಥ್ಸ್‌ಗೂ ಕೊಡದಷ್ಟು ಗಮನ ಕೊಟ್ಟು ಓದಬೇಕಾಯ್ತು. ಆಗ ಕಲಿತದ್ದನ್ನೇ ಇಲ್ಲಿ ಬರೀತಿದೀನಿ. ನಮ್ಮ ಕ್ಲಾಸಲ್ಲೇ ಎಷ್ಟೋ ಜನರ ಫೋನಲ್ಲಿ ಎಲ್‌ಎಲ್ ಪಿಡಿಎಫ್ ಇದೆ, ರಜೆ ಬಂತು ಅಂದ್ರೆ ಎಲ್ಲರ ಕಣ್ಣೂ ಮನೆ ಕಾರಿನ ಮೇಲೇ.

ಆಗಿದ್ದು ಇಷ್ಟು. ಅಪ್ಪ ಒಂದು ಮದುವೆಗೆ ಅಂತ ರಾತ್ರಿ ರೈಲಿಗೆ ದಾವಣಗೆರೆಗೆ ಹೋಗಿದ್ರು. ಭಾನುವಾರ ಬೆಳಗ್ಗೆ ಆರಕ್ಕೆ ನಾನು, ಪಕ್ಕದ ಬೀದಿಯ ಗೆಳೆಯ, ನಮ್ಮ ನಾಲ್ಕೂವರೆ ವರ್ಷದ ವ್ಯಾಗನ್ ಆರ್, ಊರಾಚೆಯ ಹೊಸ ಲೇಔಟು. ಗೆಳೆಯನ ಹತ್ತಿರವೂ ಎಲ್‌ಎಲ್ ಇತ್ತು. ‘ಇಬ್ಬರ ಹತ್ರನೂ ಲೈಸೆನ್ಸ್ ಇದೆಯಲ್ಲ’ ಅಂತ ಒಂಥರಾ ಡಬಲ್ ಧೈರ್ಯ. ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು, ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದೆ. ಗಾಡಿ ನಿಲ್ಲಿಸಿದ್ದ ಸ್ಕೂಟರನ್ನು ಉರುಳಿಸಿ ಕರೆಂಟ್ ಕಂಬಕ್ಕೆ ಹೋಗಿ ನಿಂತಿತು. ಯಾರಿಗೂ ಏಟಾಗಲಿಲ್ಲ. ನಾಯಿಗೂ ಏನೂ ಆಗಲಿಲ್ಲ. ಬಂಪರ್, ಗ್ರಿಲ್, ಬಾನೆಟ್, ಒಂದು ಹೆಡ್‌ಲೈಟ್, ರೇಡಿಯೇಟರ್ ಹೋದವು. ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟು 46,000 ರೂಪಾಯಿ. ಸ್ಕೂಟರ್ ಯಜಮಾನರಿಗೆ ಅಪ್ಪ ಕೈಯಿಂದಲೇ ಏಳೂವರೆ ಸಾವಿರ ಕೊಟ್ಟು ಕೈಮುಗಿದ್ರು.

ಕಾರಿಗೆ ಫುಲ್ ಇನ್ಶೂರೆನ್ಸ್ ಇತ್ತು. ಹಾಗಾಗಿ ನಾನು ಅಷ್ಟೇನೂ ಹೆದರಿರಲಿಲ್ಲ. ಕ್ಲೇಮ್ ಫಾರಂನಲ್ಲಿ ಒಂದು ಕಾಲಂ ಇರುತ್ತೆ: ಅಪಘಾತದ ಸಮಯದಲ್ಲಿ ಓಡಿಸುತ್ತಿದ್ದವರ ಹೆಸರು, ಲೈಸೆನ್ಸ್ ನಂಬರ್, ಲೈಸೆನ್ಸ್ ಯಾವ ಬಗೆಯದು. ಗ್ಯಾರೇಜಿನವರು ಫಾರಂ ನೋಡಿ, ‘ಸರ್, ನೀವೇ ಓಡಿಸ್ತಿದ್ರಿ ಅಂತ ಬರೀರಿ, ಎಲ್ರೂ ಹಾಗೇ ಮಾಡೋದು, ಮುಗೀತು’ ಅಂದ್ರು. ಅಪ್ಪ, ‘ನಾನು ಆಗ ದಾವಣಗೆರೆಯಲ್ಲಿ ಉಪ್ಪಿಟ್ಟು ತಿಂತಿದ್ದೆನಲ್ಲಪ್ಪ, ಮದುವೆ ವಿಡಿಯೋದಲ್ಲೂ ಇದೀನಿ’ ಅಂತ ನಕ್ಕು, ಆ ಕಾಲಂನಲ್ಲಿ ನನ್ನ ಹೆಸರನ್ನೇ ಬರೆದ್ರು. ಸರ್ವೇಯರ್ ಬಂದು ಫೋಟೋ ತೆಗೆದುಕೊಂಡು, ‘ಪಕ್ಕದಲ್ಲಿ ಯಾರಿದ್ರು?’ ಅಂತ ಒಂದೇ ಪ್ರಶ್ನೆ ಕೇಳಿದ್ರು. ಹೇಳಿದೆ. ಹದಿನೈದು ದಿನಕ್ಕೆ ಪತ್ರ ಬಂತು. ಕ್ಲೇಮ್ ತಿರಸ್ಕೃತ, ಕಾರಣ ನಿಯಮ 3ರ ಉಲ್ಲಂಘನೆ.

ನಿಯಮ 3 ಏನು ಅಂತ ಹುಡುಕೋಕೆ ಹೊರಟಾಗ ಮೊದಲು ಸಿಕ್ಕಿದ್ದೆಲ್ಲ ಬೇರೆ ದೇಶದ ಕತೆ. ‘ಹದಿಹರೆಯದವರಿಗೆ ಕಾರ್ ಇನ್ಶೂರೆನ್ಸ್’ ಅಂತ ಹುಡುಕಿ ನೋಡಿ, ನಿಮಗೂ ಅದೇ ಸಿಗುತ್ತೆ. ಬ್ರಿಟನ್‌ನಲ್ಲಿ 17ಕ್ಕೆ ಕಾರು ಕಲೀಬಹುದು, ಆದರೆ ಕಲಿಯುವವರ ಹೆಸರನ್ನು ಮನೆ ಕಾರಿನ ಪಾಲಿಸಿಗೆ ಸೇರಿಸಬೇಕು, ಇಲ್ಲವೇ ಅವರಿಗೇ ಒಂದು ಪಾಲಿಸಿ ಮಾಡಿಸಬೇಕು. ಅಮೆರಿಕದಲ್ಲಿ ಮಗನೋ ಮಗಳೋ ಸ್ಟೇರಿಂಗ್ ಹಿಡಿದರೆ ಮನೆಯ ಪ್ರೀಮಿಯಂ ಏರುತ್ತೆ. ಅಲ್ಲಿ ಇನ್ಶೂರೆನ್ಸ್ ಓಡಿಸುವವರನ್ನು ನೋಡುತ್ತೆ. ನಮ್ಮಲ್ಲಿ ಅದು ಮುಖ್ಯವಾಗಿ ಗಾಡಿಯನ್ನು ನೋಡುತ್ತೆ: ಎಷ್ಟು ಸಿಸಿ, ಎಷ್ಟು ಹಳೆಯದು, ಇವತ್ತಿನ ಬೆಲೆ ಅಂದರೆ ಐಡಿವಿ ಎಷ್ಟು, ಬೆಂಗಳೂರಿನಂಥ ಮಹಾನಗರದ ರಿಜಿಸ್ಟ್ರೇಷನ್ನೋ ಬೇರೆ ಊರಿನದೋ. ಥರ್ಡ್ ಪಾರ್ಟಿ ಭಾಗಕ್ಕಂತೂ ದರವೇ ನಿಗದಿ. 2022ರ ಜೂನ್‌ನಲ್ಲಿ ಜಾರಿಯಾದ ಪಟ್ಟಿಯಲ್ಲಿ ವರ್ಷಕ್ಕೆ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ಮನೆಯಲ್ಲಿ ಹದಿನೆಂಟರ ಹುಡುಗ ಇದ್ದಾನಾ ಅಂತ ಆ ಪಟ್ಟಿ ಕೇಳೋದಿಲ್ಲ.

ಅಂದರೆ ಎಲ್‌ಎಲ್ ಬಂತು ಅಂತ ನಮ್ಮಲ್ಲಿ ಹೊಸ ಪಾಲಿಸಿ ಕೊಳ್ಳಬೇಕಾಗಿಲ್ಲ. ಮನೆ ಕಾರಿನ ಪಾಲಿಸಿಯೇ ಸಾಕು. ಆದರೆ ಆ ಪಾಲಿಸಿಯಲ್ಲಿ ಓಡಿಸುವವರ ಬಗ್ಗೆ ಎರಡು ವಾಕ್ಯ ಇರುತ್ತೆ, ‘ಡ್ರೈವರ್ಸ್ ಕ್ಲಾಸ್’ ಅಂತ ತಲೆಬರಹ. ಸಾರಾಂಶ ಹೀಗೆ: ಚಾಲ್ತಿಯಲ್ಲಿರುವ ಲೈಸೆನ್ಸ್ ಇರುವ ಯಾರು ಬೇಕಾದರೂ ಓಡಿಸಬಹುದು, ಎಲ್‌ಎಲ್ ಇರುವವರೂ ಓಡಿಸಬಹುದು, ಆದರೆ ಅವರು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 3ನ್ನು ಪಾಲಿಸಿರಬೇಕು. ನನ್ನ 46,000 ರೂಪಾಯಿ ನಿಂತಿದ್ದು ಈ ‘ಆದರೆ’ ಮೇಲೆ.

ನಿಯಮ 3 ಕೇಳೋದು ಮೂರು. ಓಡಿಸುವ ಬಗೆಯ ಗಾಡಿಗೇ ಪಡೆದ, ಅವಧಿ ಮುಗಿಯದ ಎಲ್‌ಎಲ್ ಇರಬೇಕು. ಆ ಗಾಡಿ ಓಡಿಸಲು ಪಕ್ಕಾ ಡಿಎಲ್ ಇರುವ ಒಬ್ಬರು ಜೊತೆಗಿದ್ದು, ಗಾಡಿಯನ್ನು ಹತೋಟಿಗೆ ತರುವ ಅಥವಾ ನಿಲ್ಲಿಸುವ ಹಾಗೆ ಕೂತಿರಬೇಕು. ಹಿಂದೆ ಮುಂದೆ ಎರಡೂ ಕಡೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು. ಆ ಅಕ್ಷರದ ಡ್ರಾಯಿಂಗನ್ನೂ ನಿಯಮವೇ ಕೊಟ್ಟುಬಿಟ್ಟಿದೆ: ಫಲಕ 18 ಸೆಂ.ಮೀ. ಚೌಕಕ್ಕಿಂತ ಕಡಿಮೆ ಇರಬಾರದು, ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಮೊದಲ ಸೆಮ್‌ನ ಗ್ರಾಫಿಕ್ಸ್ ಶೀಟಿಗೆ ಇದಕ್ಕಿಂತ ಕಷ್ಟದ್ದು ಬರೆದಿದ್ದೀವಿ. ನಾನು ಮಾತ್ರ ಆವತ್ತು ಹಿಂದಿನ ಗಾಜಿಗೆ ಒಂದು ಸ್ಟಿಕರ್ ಅಂಟಿಸಿ ಮುಂದಿನದನ್ನು ಮರೆತಿದ್ದೆ.

ಎರಡನೇ ಷರತ್ತಿನ ಹತ್ತಿರ ಸ್ವಲ್ಪ ನಿಲ್ಲೋಣ, ಜಾಸ್ತಿ ಜನ ಬೀಳೋದು ಅಲ್ಲೇ. ಪಕ್ಕದಲ್ಲಿ ಯಾರಾದರೊಬ್ಬರು ಇದ್ದರೆ ಸಾಲದು, ಅವರ ಹತ್ತಿರ ಡಿಎಲ್ ಇರಬೇಕು. ನನ್ನ ಗೆಳೆಯನಿಗೆ ಇದ್ದದ್ದು ಎಲ್‌ಎಲ್, ಹಾಗಾಗಿ ಲೆಕ್ಕಕ್ಕಿಲ್ಲ. ಬೈಕ್ ಡಿಎಲ್ ಮಾತ್ರ ಇರುವ ಅಣ್ಣನೂ ಲೆಕ್ಕಕ್ಕಿಲ್ಲ, ಕಾರಿನ ಡಿಎಲ್ಲೇ ಬೇಕು. ಡಿಎಲ್ ಇರುವ ಮಾವ ಹಿಂದಿನ ಸೀಟಲ್ಲಿ ಆರಾಮಾಗಿ ಒರಗಿ, ‘ನಿಧಾನ ಕಣೋ’ ಅಂತಿದ್ದರೂ ಪ್ರಯೋಜನ ಇಲ್ಲ, ಅಲ್ಲಿಂದ ಗಾಡಿ ನಿಲ್ಲಿಸೋಕೆ ಆಗಲ್ಲ. ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಕ್ಲಚ್, ಬ್ರೇಕ್ ಇರುತ್ತವೆ. ನಮ್ಮ ಮನೆ ಕಾರುಗಳಲ್ಲಿ ಎಡಗಡೆ ಸೀಟಿನವರಿಗೆ ಸಿಗೋದು ಹ್ಯಾಂಡ್‌ಬ್ರೇಕ್ ಒಂದೇ. ಅದರ ಮೇಲೆ ಕೈ ಇಟ್ಟುಕೊಂಡು ಎಚ್ಚರವಾಗಿರುವ, ಡಿಎಲ್ ಇರುವ ಒಬ್ಬರು ಎಡಗಡೆ ಕೂತಿದ್ದರೆ ನಿಮಗೆ ಇನ್ಶೂರೆನ್ಸ್ ಇದೆ ಅಂತ ಲೆಕ್ಕ. ಅವರು ಕಾಫಿ ಕುಡಿಯೋಕೆ ಇಳಿದ ಹತ್ತು ನಿಮಿಷದಲ್ಲಿ ನೀವು ‘ಒಂದೇ ರೌಂಡ್’ ಹೋದರೆ ಆ ರೌಂಡಿಗೆ ಇಲ್ಲ.

ಇನ್ನೊಂದು ಬಲೆ ದಿನಾಂಕದ್ದು. ಎಲ್‌ಎಲ್‌ಗೆ ಆರು ತಿಂಗಳ ಆಯಸ್ಸು. ಮೂವತ್ತು ದಿನ ಆದಮೇಲೆ ಡಿಎಲ್ ಟೆಸ್ಟ್ ಕೊಡಬಹುದು. ಇಂಟರ್ನಲ್ಸ್, ಲ್ಯಾಬ್, ಫೆಸ್ಟ್ ಅಂತ ಟೆಸ್ಟ್ ಮುಂದೂಡಿ ಮುಂದೂಡಿ ಆರು ತಿಂಗಳು ದಾಟಿಸುವವರು ನಮ್ಮಲ್ಲಿ ಬೇಕಾದಷ್ಟು ಜನ. ದಾಟಿದ ಮರುದಿನದಿಂದ ನೀವು ಲೈಸೆನ್ಸ್ ಇಲ್ಲದವರು, ಎಷ್ಟು ಚೆನ್ನಾಗಿ ಓಡಿಸೋಕೆ ಬಂದರೂ ಅಷ್ಟೇ.

ನನ್ನದು ಕಂಬಕ್ಕೆ ಮುಗೀತು. ಪತ್ರ ಬಂದ ದಿನ ಅಪ್ಪ ಬೈಯಲಿಲ್ಲ. ‘ಸ್ಕೂಟರ್ ಮೇಲೆ ಯಾರಾದ್ರೂ ಕೂತಿದ್ದಿದ್ರೆ?’ ಅಂತಷ್ಟೇ ಕೇಳಿದ್ರು. ಉತ್ತರ ಹುಡುಕೋಕೆ ಕೂತೆ. ಅದರ ಲೆಕ್ಕ ಇಲ್ಲಿ ಮಾಡಿ ತೋರಿಸ್ತೀನಿ, ಯಾಕಂದ್ರೆ ಇದನ್ನು ಯಾರೂ ನಮಗೆ ಹೇಳಿಕೊಡಲ್ಲ.

ಅಪಘಾತದಲ್ಲಿ ಸತ್ತವರ ಮನೆಯವರಿಗೆ ಎಷ್ಟು ಪರಿಹಾರ ಅನ್ನೋದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ತೀರ್ಮಾನಿಸುತ್ತೆ. ಸುಪ್ರೀಂ ಕೋರ್ಟ್ 2009 ಮತ್ತು 2017ರ ಎರಡು ತೀರ್ಪುಗಳಲ್ಲಿ ಸೂತ್ರ ಸ್ಪಷ್ಟ ಮಾಡಿದೆ. 28 ವರ್ಷದ, ಸ್ವಂತ ಅಂಗಡಿ ಇಟ್ಟುಕೊಂಡು ತಿಂಗಳಿಗೆ 25,000 ದುಡಿಯುವ, ಮೂವರು ಅವಲಂಬಿತರಿರುವ ಒಬ್ಬ ಗೃಹಸ್ಥ ಅಂತ ಇಟ್ಟುಕೊಳ್ಳಿ. ವರ್ಷದ ದುಡಿಮೆ 3,00,000. ಮುಂದೆ ಆದಾಯ ಏರುತ್ತಿತ್ತು ಅಂತ 40 ಪರ್ಸೆಂಟ್ ಸೇರಿಸಿದರೆ 4,20,000. ತನ್ನ ಸ್ವಂತಕ್ಕೆ ಖರ್ಚು ಮಾಡುತ್ತಿದ್ದ ಮೂರನೇ ಒಂದು ಭಾಗ ಕಳೆದರೆ 2,80,000. 26ರಿಂದ 30 ವಯಸ್ಸಿನವರಿಗೆ ಗುಣಕ 17. ಗುಣಿಸಿದರೆ 47,60,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ವೆಚ್ಚ ಮುಂತಾದ ಸಣ್ಣ ಬಾಬತ್ತುಗಳು, ಬಡ್ಡಿ. ಸಾವು ನೋವಿನ ವಿಷಯದಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ಗೆ ಮೇಲ್ಮಿತಿ ಇಟ್ಟಿಲ್ಲ, ಎಷ್ಟಾದರೂ ಕಂಪನಿ ಕೊಡಬೇಕು. ಎರಡು ಸಾವಿರ ಚಿಲ್ಲರೆ ಕಟ್ಟಿ ನಾವು ಕೊಂಡಿರೋದು ಇಷ್ಟು ದೊಡ್ಡ ಹೊಣೆಯನ್ನ. ಬೇರೆಯವರ ಆಸ್ತಿಗಾದ ಹಾನಿಗೆ ಮಾತ್ರ ಖಾಸಗಿ ಕಾರಿಗೆ 7.5 ಲಕ್ಷದ ಮಿತಿ ಇದೆ.

ಹಾಗಾದರೆ ಓಡಿಸಿದವನು ಎಲ್‌ಎಲ್‌ನವನಾದರೆ? 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರ ಕೊಟ್ಟಿದೆ. ಎಲ್‌ಎಲ್ ಕೂಡ ಕಾನೂನಿನ ಕಣ್ಣಲ್ಲಿ ಲೈಸೆನ್ಸೇ, ಬರೀ ಎಲ್‌ಎಲ್ ಅನ್ನೋ ಕಾರಣಕ್ಕೆ ಕಂಪನಿ ಜಾರಿಕೊಳ್ಳುವ ಹಾಗಿಲ್ಲ. ಷರತ್ತು ಮುರಿದಿದ್ದಾರೆ ಅಂತ ವಾದಿಸಬೇಕಾದರೆ ಗಾಡಿಯ ಮಾಲೀಕರ ತಪ್ಪನ್ನು ಕಂಪನಿಯೇ ಸಾಬೀತು ಮಾಡಬೇಕು. ಸಾಬೀತು ಮಾಡಿದರೂ, ನೊಂದವರಿಗೆ ಮೊದಲು ಕಂಪನಿ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಅಂತ ಕೋರ್ಟ್ ಹೇಳಬಹುದು. ವಕೀಲರು ಇದನ್ನು ‘ಪೇ ಅಂಡ್ ರಿಕವರ್’ ಅಂತಾರೆ. ನೊಂದ ಕುಟುಂಬದ ಮಟ್ಟಿಗೆ ಇದು ನ್ಯಾಯ. ನಮ್ಮ ಮಟ್ಟಿಗೆ ನೋಡಿದರೆ, ಆ ‘ರಿಕವರ್’ ಬಂದು ನಿಲ್ಲೋದು ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರ ಬಾಗಿಲಲ್ಲಿ. ನಮ್ಮ ಆರ್‌ಸಿಯಲ್ಲಿರೋದು ಅಪ್ಪನ ಹೆಸರು. ಅಪ್ಪನ ಹೆಸರಲ್ಲಿರೋದು ಒಂದು ಮನೆ, ಅದರ ಮೇಲೊಂದು ಸಾಲ.

ಇನ್ನು ಕಾರಿನ ಒಳಗೆ ಕೂತವರು. ಈ ಭಾಗ ನಮ್ಮಂಥ ಹಾಸ್ಟೆಲ್ ಗ್ಯಾಂಗ್‌ಗಳಿಗೆ ಬಹಳ ಮುಖ್ಯ. ಹಳೆ ಕಾರು ಅಂತ ಮನೆಯಲ್ಲಿ ಬರೀ ಥರ್ಡ್ ಪಾರ್ಟಿ ಮಾಡಿಸಿದ್ದಾರೆ ಅಂದುಕೊಳ್ಳಿ. ಆ ಪಾಲಿಸಿಯಲ್ಲಿ ಖಾಸಗಿ ಕಾರಿನೊಳಗೆ ಕೂತ ಗೆಳೆಯರಿಗೆ ರಕ್ಷಣೆ ಸಿಗೋದಿಲ್ಲ. ರಸ್ತೆಯಲ್ಲಿ ನಡೆದು ಹೋಗುವವರಿಗೆ ಸಿಗುತ್ತೆ, ನಿಮ್ಮನ್ನು ನಂಬಿ ಹತ್ತಿದವರಿಗೆ ಇಲ್ಲ. ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿಯಾದರೆ ಒಳಗೆ ಕೂತವರಿಗೂ ಅನ್ವಯಿಸುತ್ತೆ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಟೇರಿಂಗ್ ಹಿಡಿದ ನಿಮಗೆ? ಇಲ್ಲಿ ನಮ್ಮದೇ ನಾಡಿನ ಒಂದು ಪ್ರಕರಣ ಇದೆ. ಇಳಕಲ್ಲಿನಿಂದ ಊರಿಗೆ ಹೋಗಲು ಬೇರೆಯವರ ಬೈಕ್ ಪಡೆದು ಹೊರಟ ಒಬ್ಬರು, ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ತಟ್ಟನೆ ನಿಂತಾಗ ಅದಕ್ಕೆ ಡಿಕ್ಕಿ ಹೊಡೆದು ತೀರಿಕೊಂಡ್ರು. ಮಾಲೀಕರಿಂದ ಗಾಡಿ ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ, ಅವರನ್ನು ಥರ್ಡ್ ಪಾರ್ಟಿ ಅಂತ ಪರಿಗಣಿಸೋಕೆ ಆಗಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಾಲಿಸಿಯ ಜೊತೆ ಬರುವ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಕೂಡ ‘ಓನರ್-ಡ್ರೈವರ್’ಗೆ, ಅಂದರೆ ಆರ್‌ಸಿಯಲ್ಲಿ ಹೆಸರಿದ್ದು ಲೈಸೆನ್ಸೂ ಇರುವವರಿಗೆ. ಅಪ್ಪನ ಕಾರು ಓಡಿಸುವ ಮಗನಿಗಲ್ಲ, ಮಗಳಿಗಲ್ಲ. ಹಾಗಾಗಿ ಎಲ್‌ಎಲ್ ನೆಪದಲ್ಲಿ ನಿಜಕ್ಕೂ ಏನಾದರೂ ಹೊಸದಾಗಿ ಕೊಳ್ಳೋದಿದ್ದರೆ ಅದು ಕಾರಿಗಲ್ಲ, ನಿಮಗೆ: ನಿಮ್ಮ ಹೆಸರಲ್ಲಿ ಒಂದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ. ಮನೆಯ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ನಿಮ್ಮ ಹೆಸರು ಇನ್ನೂ ಇದೆಯಾ ಅಂತಲೂ ನೋಡಿಬಿಡಿ.

ತಮ್ಮ ತಂಗಿಯರಿಗೆ ಇನ್ನೂ ಹದಿನೆಂಟು ಆಗಿಲ್ಲವಾ? ಅವರ ವಿಷಯ ಎರಡೇ ಮಾತಲ್ಲಿ ಮುಗಿಯುತ್ತೆ. ಕಾರಿನ ಎಲ್‌ಎಲ್ಲೇ ಸಿಗಲ್ಲ, ಹಾಗಾಗಿ ಪಕ್ಕದಲ್ಲಿ ಯಾರು ಕೂತರೂ ಉಪಯೋಗ ಇಲ್ಲ. 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಆದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಇಲ್ಲ. ಪಿಯುಸಿ ಹುಡುಗನಿಗೆ ‘ಅಂಗಡಿವರೆಗೆ ಹೋಗಿ ಬಾ’ ಅಂತ ಕೀ ಕೊಡುವ ದೊಡ್ಡಪ್ಪಂದಿರಿಗೆ ಈ ಪ್ಯಾರಾವನ್ನು ವಾಟ್ಸ್ಯಾಪ್ ಮಾಡಿ.

ಈಗ ಸಣ್ಣ ಪುಟ್ಟ ಗೀರಿನ ವಿಷಯ. ಕಲಿಯುವಾಗ ಗೇಟಿಗೆ ಬಂಪರ್ ತಾಗೋದು ಸಹಜ. ನಿಯಮ 3 ಪಾಲಿಸಿದ್ದೀರಿ, ಕ್ಲೇಮ್ ಖಂಡಿತ ಸಿಗುತ್ತೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಮಾಡಬೇಕಾ? ಒಂದೂ ಕ್ಲೇಮ್ ಮಾಡದೆ ವರ್ಷ ಕಳೆದಂತೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20, 25, 35, 45, 50 ಪರ್ಸೆಂಟ್ ರಿಯಾಯಿತಿ ಸಿಗುತ್ತಾ ಹೋಗುತ್ತೆ, ಇದೇ ನೋ ಕ್ಲೇಮ್ ಬೋನಸ್. ಒಂದು ಕ್ಲೇಮ್ ಮಾಡಿದಿರೋ, ಹಾವು ಏಣಿ ಆಟದ ಹಾಗೆ ಮತ್ತೆ ಸೊನ್ನೆಗೆ. ರಿಯಾಯಿತಿ ಇಲ್ಲದ ಪ್ರೀಮಿಯಂ 12,000 ಅಂತ ಹಿಡಿದರೆ 50 ಪರ್ಸೆಂಟ್ ಇರುವವರು ಕಟ್ಟೋದು 6,000. ಕ್ಲೇಮ್ ಆದ ಮುಂದಿನ ವರ್ಷಗಳಲ್ಲಿ 12,000, 9,600, 9,000, 7,800, 6,600, ಆಮೇಲೆ ಮತ್ತೆ 6,000. ಐದು ವರ್ಷದಲ್ಲಿ ಹೆಚ್ಚಿಗೆ ಕಟ್ಟಿದ್ದು 15,000. ಗಾಡಿ ಹಳೆಯದಾದಂತೆ ಐಡಿವಿ ಇಳಿಯುವುದರಿಂದ ನಿಜದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆಯಾಗುತ್ತೆ, ಆದರೂ ಅಂದಾಜು ಸಿಕ್ಕಿತಲ್ಲ.

ಅತ್ತ ಕೈಗೆ ಬರೋದೆಷ್ಟು? ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ ಕಡಿತ. ನಮ್ಮ ನಾಲ್ಕೂವರೆ ವರ್ಷದ ಕಾರಿಗೆ 35 ಪರ್ಸೆಂಟ್. ಗಾಜಿಗೆ ಮಾತ್ರ ಕಡಿತ ಇಲ್ಲ. ಅದರ ಮೇಲೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1,000 ರೂಪಾಯಿ ನಮ್ಮ ಪಾಲು. ಎಂಟು ಸಾವಿರದ ಬಂಪರ್ ಬಿಲ್ಲಿಗೆ ನಾಲ್ಕು ಸಾವಿರದ ಆಸುಪಾಸು ಪಡೆದು, ಹದಿನೈದು ಸಾವಿರದ ಹತ್ತಿರ ಕಳಕೊಳ್ಳೋದು ಯಾವ ಲೆಕ್ಕದಲ್ಲೂ ಕೂರಲ್ಲ. ಬೋನಸ್ಸೇ ಇಲ್ಲದವರ ಲೆಕ್ಕ ಬೇರೆ. ಕಲಿಯುವ ಆ ಒಂದು ವರ್ಷದ ಮಟ್ಟಿಗೆ ‘ಝೀರೋ ಡೆಪ್’ ಮತ್ತು ಬೋನಸ್ ಉಳಿಸುವ ‘ಎನ್‌ಸಿಬಿ ಪ್ರೊಟೆಕ್ಟ್’ ಆಡ್-ಆನ್‌ಗಳನ್ನು ಹಾಕಿಸೋದು ಮಾತ್ರ ದಂಡದ ಖರ್ಚಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಝೀರೋ ಡೆಪ್ ಇದ್ದರೂ ನಿಯಮ 3 ಮುರಿದರೆ ಸಿಗೋದು ಝೀರೋನೇ.

ಬೈಕಿನವರಿಗೆ ಒಂದು ಮಾತು. ನಿಯಮ 3 ನಿಮಗೂ ಅನ್ವಯಿಸುತ್ತೆ. ಎಲ್‌ಎಲ್‌ನಲ್ಲಿ ಬೈಕ್ ಓಡಿಸುವಾಗ ಹಿಂದೆ ಕೂರಿಸಿಕೊಳ್ಳಬಹುದಾದದ್ದು ಡಿಎಲ್ ಇದ್ದು ಕಲಿಸುವವರನ್ನು ಮಾತ್ರ. ಕ್ಲಾಸ್‌ಮೇಟನ್ನು ಕೂರಿಸಿಕೊಂಡು ಟೀ ಅಂಗಡಿಗೆ ಹೋಗುವ ನಮ್ಮ ಸಂಪ್ರದಾಯ ಇದರಲ್ಲಿ ಬರೋದಿಲ್ಲ.

ನಮ್ಮ ಕಾರಿನ 46,000ವನ್ನು ಅಪ್ಪ ಎರಡು ಕಂತಿನಲ್ಲಿ ಕಟ್ಟಿದ್ರು. ನನ್ನ ಲ್ಯಾಪ್‌ಟಾಪ್ ಒಂದು ವರ್ಷ ಮುಂದಕ್ಕೆ ಹೋಯ್ತು. ಹಳೆ ಲ್ಯಾಪ್‌ಟಾಪಿನಲ್ಲಿ ಕ್ಯಾಡ್ ತೆರೆಯೋಕೆ ಏಳು ನಿಮಿಷ, ಅಷ್ಟು ಹೊತ್ತೂ ಆ ಕಂಬ ನೆನಪಾಗ್ತಿತ್ತು. ಆಮೇಲಿನ ಮೂರು ತಿಂಗಳು ಅಪ್ಪನೇ ಪ್ರತಿ ಭಾನುವಾರ ಎಡಗಡೆ ಕೂತು, ಒಂದು ಕೈ ಹ್ಯಾಂಡ್‌ಬ್ರೇಕ್ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದು, ಕಲಿಸಿದ್ರು. ಐದನೇ ತಿಂಗಳಲ್ಲಿ ಡಿಎಲ್ ಟೆಸ್ಟ್ ಪಾಸಾದೆ.

ಈ ರಜೆಯಲ್ಲಿ ತಂಗಿಗೆ ಹದಿನೆಂಟಾಯ್ತು, ಎಲ್‌ಎಲ್ ಬಂತು. ಪಾಲಿಸಿ ಮುಗಿಯೋ ದಿನಾಂಕ ನೋಡಿ ಆಗಿದೆ, ಎರಡು ಎಲ್ ಫಲಕ ಸ್ಕೇಲ್ ಇಟ್ಟು ಅಳೆದು ಮಾಡಿದ್ದೀನಿ. ಈಗ ಎಡಗಡೆ ಕೂರೋದು ನಾನು. ನಾಳೆ ಅವಳಿಗೆ ರಿವರ್ಸ್ ಹೇಳಿಕೊಡಬೇಕು.